11 ವರ್ಷದಿಂದ ಮರ ಹತ್ತುತ್ತಿದ್ದೇನೆ, ಕೈಯಲ್ಲಿ ಒಂದು ಕಾಗದವಿಲ್ಲ. ಯಾವ ಸರ್ಟಿಫಿಕೇಟ್ ಮೊದಲು ಮಾಡಲಿ?

ಎತ್ತರದಕೊಂಬೆ · ಬೆಳಿಗ್ಗೆ 6:40

ಎಲ್ಲರಿಗೂ ನಮಸ್ಕಾರ. 11 ವರ್ಷದಿಂದ ಮರ ಹತ್ತಿ ಕೊಂಬೆ ಸವರುವ ಕೆಲಸ ಮಾಡುತ್ತಿದ್ದೇನೆ. ಮೊದಲ ಆರು ವರ್ಷ ಒಬ್ಬರ ಕೈಕೆಳಗೆ, ಆಮೇಲೆ ಸ್ವಂತ. ಹಗ್ಗ, ಹಾರ್ನೆಸ್ (ಮೈಗೆ ಕಟ್ಟಿ ಹಗ್ಗಕ್ಕೆ ಸಿಕ್ಕಿಸುವ ಪಟ್ಟಿ), ಗರಗಸ ಎಲ್ಲ ನನ್ನದೇ. ಜೊತೆಗೆ ಇಬ್ಬರು ಹುಡುಗರಿದ್ದಾರೆ.

ಹೋದ ತಿಂಗಳು ಒಂದು ದೊಡ್ಡ ಆವರಣದಲ್ಲಿ 40 ಮರಗಳ ಕೆಲಸ ಬರುವುದಿತ್ತು. ಎರಡು ಸಲ ಹೋದೆ. ಪ್ರತಿ ಮರದ ಬುಡ ಸುತ್ತಿ ನೋಡಿದೆ. ಯಾವುದಕ್ಕೆ ಏನು ಮಾಡಬೇಕು, ಯಾವುದನ್ನು ಮುಟ್ಟಲೇಬಾರದು ಅಂತ ಬರೆದು ಕೊಟ್ಟೆ. ಕೊನೆಗೆ ಅವರು ಕೇಳಿದ್ದು ಒಂದೇ ಮಾತು: "ನೀವು ಸರ್ಟಿಫೈಡ್ ಆರ್ಬರಿಸ್ಟಾ?" ಅಂದರೆ ಮರದ ಆರೈಕೆಯಲ್ಲಿ ಸರ್ಟಿಫಿಕೇಟ್ ಪಡೆದವರಾ ಅಂತ. ಅಲ್ಲ ಅಂದೆ. ಕೆಲಸ ಬೇರೆ ಒಂದು ಕಂಪನಿಗೆ ಹೋಯಿತು. ಮೊನ್ನೆ ಆ ಕಡೆ ಹೋದಾಗ ನೋಡಿದೆ, ಅರ್ಧದಷ್ಟು ಮರಗಳ ತಲೆ ಹಾರಿಸಿ ಕಂಬದ ಹಾಗೆ ನಿಲ್ಲಿಸಿದ್ದಾರೆ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ನನಗೆ ಗೊತ್ತಾಗಬೇಕಾದ್ದು ಇಷ್ಟು. ಈ ಪರೀಕ್ಷೆಯಲ್ಲಿ ಮರ ಹತ್ತಿಸುತ್ತಾರಾ? ಡಿಗ್ರಿ ಇಲ್ಲದವರು ಬರೆಯಬಹುದಾ? ಮೊದಲು ಯಾವುದು ಮಾಡಿದರೆ ನನ್ನಂಥವನಿಗೆ ಉಪಯೋಗ?

ಬೇರುಮಣ್ಣು · 7:05

ಅಣ್ಣ, ಜನ ಸಾಮಾನ್ಯವಾಗಿ "ಸರ್ಟಿಫೈಡ್ ಆರ್ಬರಿಸ್ಟ್" ಅನ್ನುವುದು ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬರಿಕಲ್ಚರ್, ಅಂದರೆ ಐಎಸ್‌ಎ ಕೊಡುವುದಕ್ಕೆ. ಡಿಗ್ರಿ ಬೇಕಾಗಿಲ್ಲ. ಮೂರು ವರ್ಷ ಪೂರ್ತಿ ಈ ಕೆಲಸದಲ್ಲಿ ಇದ್ದಿರಬೇಕು, ಅಷ್ಟೇ. ತೋಟಗಾರಿಕೆ, ಅರಣ್ಯ ಇಂಥದ್ದರಲ್ಲಿ ನಾಲ್ಕು ವರ್ಷದ ಡಿಗ್ರಿ ಇದ್ದರೆ ಅನುಭವ ಒಂದು ವರ್ಷ ಸಾಕು. ನಿಮ್ಮ 11 ವರ್ಷ ಧಾರಾಳ ಆಯಿತು.

ಪರೀಕ್ಷೆಯಲ್ಲಿ 200 ಪ್ರಶ್ನೆ, ಮೂರೂವರೆ ಗಂಟೆ. ಎಲ್ಲ ಆಯ್ಕೆ ಪ್ರಶ್ನೆಗಳೇ. ಕಾಂಡದೊಳಗೆ ನೀರು ಹೇಗೆ ಏರುತ್ತದೆ, ಮಣ್ಣು ಬಿಗಿಯಾದರೆ ಬೇರಿಗೆ ಏನಾಗುತ್ತದೆ, ಸಸಿಯನ್ನು ಎಷ್ಟು ಆಳಕ್ಕೆ ನೆಡಬೇಕು, ಕಟ್ಟಡ ಏಳುವ ಜಾಗದಲ್ಲಿ ಮರ ಹೇಗೆ ಉಳಿಸಬೇಕು, ಸವರುವುದು, ರೋಗ ಹಿಡಿಯುವುದು, ಅಪಾಯ, ಸುರಕ್ಷತೆ ಎಲ್ಲ ಬರುತ್ತದೆ.

ಗರಗಸದಹಲ್ಲು · 7:31

ಒಂದು ತಿದ್ದುಪಡಿ. ಬೇರುಮಣ್ಣು ಅವರು ಮೊದಲ ಪ್ರಶ್ನೆಗೆ ಉತ್ತರ ಹೇಳಲೇ ಇಲ್ಲ. ಆ ಪರೀಕ್ಷೆಯಲ್ಲಿ ಮರ ಹತ್ತಿಸುವುದಿಲ್ಲ. ಗರಗಸ ಕೈಗೆ ಕೊಡುವುದೂ ಇಲ್ಲ. ಕೂತು ಬರೆಯುವ ಪರೀಕ್ಷೆ. ಒಂದು ದಿನವೂ ಹಗ್ಗದಲ್ಲಿ ತೂಗಾಡದವರು ಪಾಸಾಗಬಹುದು, ಆಗಿದ್ದಾರೆ ಕೂಡ. ಇದು ಗ್ರಾಹಕರಿಗೆ ಗೊತ್ತಿಲ್ಲ ಅನ್ನುವುದೇ ನನ್ನ ಸಂಕಟ.

ಬೇರುಮಣ್ಣು · 7:38

ಒಪ್ಪಿದೆ, ಅದನ್ನು ಮೊದಲೇ ಹೇಳಬೇಕಿತ್ತು. ಆದರೆ ಆ ಪರೀಕ್ಷೆ ಇರುವುದೇ ಮರ ತಿಳಿದಿದೆಯಾ ಅಂತ ನೋಡುವುದಕ್ಕೆ. ಹತ್ತುವವರಿಗೆ ಅದೇ ಸಂಸ್ಥೆಯದ್ದು ಬೇರೆ ಇದೆ, ಟ್ರೀ ವರ್ಕರ್ ಕ್ಲೈಂಬರ್ ಸ್ಪೆಷಲಿಸ್ಟ್. ಅದರಲ್ಲಿ ಬರೆಯುವುದೂ ಇದೆ, ಮರದ ಮೇಲೆ ಮಾಡಿ ತೋರಿಸುವುದೂ ಇದೆ. ಮೇಲೆ ಸಿಕ್ಕಿಕೊಂಡವರನ್ನು ಕೆಳಗೆ ಇಳಿಸುವುದನ್ನೂ ತೋರಿಸಬೇಕು.

ಹಗ್ಗದಗಂಟು · 8:02

ಯುರೋಪಿನಲ್ಲಿ ಯುರೋಪಿಯನ್ ಟ್ರೀ ವರ್ಕರ್ ಅಂತ ಇದೆ. ಯುರೋಪಿಯನ್ ಆರ್ಬರಿಕಲ್ಚರಲ್ ಕೌನ್ಸಿಲ್‌ನದ್ದು. ಅದರಲ್ಲೂ ಕೈಕೆಲಸ ಇದ್ದೇ ಇದೆ. ಅದರ ಮೇಲಿನ ಹಂತ ಟ್ರೀ ಟೆಕ್ನಿಷಿಯನ್, ಅದು ಯೋಜನೆ, ಪರಿಶೀಲನೆ ಮಾಡುವವರಿಗೆ.

ನನಗೆ ಇಷ್ಟವಾದದ್ದು ಜರ್ಮನಿಯ ಪದ್ಧತಿ. ಹಗ್ಗದ ಮೇಲೆ ಕೆಲಸ ಮಾಡುವವರಿಗೆ ಅಲ್ಲಿ ಎರಡು ಹಂತ. ಮೊದಲ ಹಂತದಲ್ಲಿ ಹತ್ತುವುದು, ಇಳಿಸುವುದು, ಕೈಗರಗಸ, ಅಷ್ಟೇ. ಚೈನ್‌ಸಾ ಹಿಡಿದು ಮರದ ಮೇಲೆ ಹೋಗುವುದು ಎರಡನೇ ಹಂತಕ್ಕೆ. ನಾವೆಲ್ಲ ಉಲ್ಟಾ ಕಲಿತವರು ಅಲ್ವಾ? ಮೊದಲ ದಿನವೇ ಯಂತ್ರ ಕೈಗೆ ಕೊಟ್ಟರು, ಗಂಟು ಕಟ್ಟುವುದು ಆಮೇಲೆ ಕಲಿತೆವು.

ಮೂರನೇಮಳೆ · 8:10

ನಮ್ಮ ಕಡೆಯಿಂದ ಕಹಿ ಮಾತು. ಎಲ್ಲ ದುಡ್ಡಿನ ಆಟ. ಶುಲ್ಕ ಕಟ್ಟು, ಪುಸ್ತಕ ಕೊಳ್ಳು, ಮೂರು ವರ್ಷಕ್ಕೊಮ್ಮೆ ಮತ್ತೆ ಕಟ್ಟು. ನಾನು ಕಣ್ಣಾರೆ ನೋಡಿದ್ದೇನೆ. ಸರ್ಟಿಫಿಕೇಟ್ ಇರುವ ಒಬ್ಬರು ಕೊಂಬೆಯನ್ನು ಬೊಡ್ಡೆಗೆ ಸಮ ಮಾಡಿ ಸವರಿದರು, ಗೋಡೆಗೆ ಗಾರೆ ಹಚ್ಚಿದಷ್ಟು ನುಣ್ಣಗೆ. ಐದು ವರ್ಷದಲ್ಲಿ ಆ ಜಾಗ ಪೊಟರೆ ಆಯಿತು. ಅನುಭವಕ್ಕಿಂತ ದೊಡ್ಡ ಕಾಗದ ಇಲ್ಲ.

ತೊಗಟೆ · 8:47

ಮೂರನೇಮಳೆ ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನೀವು ಕೊಟ್ಟ ಉದಾಹರಣೆಯೇ ನಿಮ್ಮ ವಾದಕ್ಕೆ ಎದುರು ನಿಲ್ಲುತ್ತದೆ. ಬೊಡ್ಡೆಗೆ ಸಮವಾಗಿ ಸವರುವುದನ್ನು ನಮಗೆ ಕಲಿಸಿದ್ದು ಯಾರು? ಅನುಭವಿಗಳೇ. ತಲೆಮಾರುಗಟ್ಟಲೆ ಎಲ್ಲರೂ ಹಾಗೇ ಕತ್ತರಿಸಿದರು. ಚೆನ್ನಾಗಿ ಕಾಣುತ್ತದೆ, ಬೇಗ ಮುಚ್ಚುತ್ತದೆ ಅಂತ ನಂಬಿದ್ದರು.

ಅದು ತಪ್ಪು ಅಂತ ಗೊತ್ತಾಗಿದ್ದು ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಅವರಿಂದ. ಚೈನ್‌ಸಾ ಹಿಡಿದು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಒಳಗೆ ನೋಡಿದ ಮನುಷ್ಯ. ಅವರ ಮುಂಚೆ ಜನ ಮರವನ್ನು ಅಡ್ಡ ಕತ್ತರಿಸಿ ಉಂಗುರ ಎಣಿಸುತ್ತಿದ್ದದ್ದೇ ಜಾಸ್ತಿ. ಮರಕ್ಕೆ ಗಾಯವಾದರೆ ನಮ್ಮ ಚರ್ಮದ ಹಾಗೆ ಅದು ವಾಸಿಯಾಗುವುದಿಲ್ಲ. ಕೆಟ್ಟ ಭಾಗವನ್ನು ಗೋಡೆ ಕಟ್ಟಿ ಒಳಗೇ ಕೂಡಿಹಾಕಿ, ಹೊರಗೆ ಹೊಸ ಕಟ್ಟಿಗೆಯ ಪದರ ಬೆಳೆಸುತ್ತದೆ. 1970ರ ದಶಕದಲ್ಲಿ ಅವರು ಇದನ್ನು ನಾಲ್ಕು ಗೋಡೆಗಳ ಲೆಕ್ಕದಲ್ಲಿ ವಿವರಿಸಿದರು. ಕೊಂಬೆ ಬೊಡ್ಡೆಗೆ ಸೇರುವಲ್ಲಿ ಒಂದು ಉಬ್ಬು ಇರುತ್ತದಲ್ಲ, ಆ ಗೋಡೆ ಕಟ್ಟುವ ಶಕ್ತಿ ಅಲ್ಲೇ ಇರುವುದು. ಅದನ್ನೂ ಸೇರಿಸಿ ನುಣ್ಣಗೆ ಸವರಿದರೆ ಕೊಳೆ ಬೊಡ್ಡೆಯೊಳಗೇ ಇಳಿಯುತ್ತದೆ.

ಈಗ ಹೇಳಿ. 30 ವರ್ಷ ಅನುಭವದವರು ಇದನ್ನು ಎಲ್ಲಿಂದ ತಿಳಿಯಬೇಕು? ಕತ್ತರಿಸಿ ಹೋದ ಮರವನ್ನು ಹತ್ತು ವರ್ಷದ ನಂತರ ಸೀಳಿ ನೋಡುವ ಅವಕಾಶ ನಮ್ಮಲ್ಲಿ ಯಾರಿಗೆ ಸಿಗುತ್ತದೆ? ಮೂರು ವರ್ಷಕ್ಕೊಮ್ಮೆ ನವೀಕರಣ ಇಟ್ಟಿರುವುದು ಇದಕ್ಕೇ. ಐಎಸ್‌ಎ ಲೆಕ್ಕದಲ್ಲಿ ಮೂರು ವರ್ಷದೊಳಗೆ 30 ಅಂಕದಷ್ಟು ಮುಂದಿನ ಕಲಿಕೆ ತೋರಿಸಬೇಕು. ಇಲ್ಲ ಅಂದರೆ ಮತ್ತೆ ಪರೀಕ್ಷೆ ಬರೆಯಬೇಕು.

ಮೂರನೇಮಳೆ · 9:03

ಇದನ್ನು ನಾನು ಹೀಗೆ ಯೋಚಿಸಿರಲಿಲ್ಲ. ಆದರೂ ಆ ಮನುಷ್ಯ ಸರ್ಟಿಫಿಕೇಟ್ ಇಟ್ಟುಕೊಂಡೇ ತಪ್ಪು ಮಾಡಿದರಲ್ಲ? ಅದಕ್ಕೆ ಏನು ಹೇಳುತ್ತೀರಿ?

ತೊಗಟೆ · 9:09

ಅದು ತಪ್ಪೇ. ಮುಚ್ಚುಮರೆ ಇಲ್ಲ. ಆದರೆ ಐಎಸ್‌ಎ ಸರ್ಟಿಫಿಕೇಟ್ ಪಡೆಯುವವರು ನೀತಿ ಸಂಹಿತೆಗೆ ಸಹಿ ಹಾಕಿರುತ್ತಾರೆ. ಅವರ ಮೇಲೆ ದೂರು ಕೊಡಬಹುದು, ಸರ್ಟಿಫಿಕೇಟ್ ಹೋಗಲೂಬಹುದು. ಕಾಗದವೇ ಇಲ್ಲದವರ ಮೇಲೆ ದೂರು ಯಾರಿಗೆ ಕೊಡುತ್ತೀರಿ?

ನೆರಳುಬೇಕು · 9:40

ನಾನು ಈ ಕೆಲಸದವಳಲ್ಲ, ಮರ ಇಟ್ಟುಕೊಂಡಿರುವವಳು. ಒಂದು ಸಂಶಯ. ಕತ್ತರಿಸಿದ ಜಾಗಕ್ಕೆ ಟಾರು ಅಥವಾ ಬಣ್ಣ ಬಳಿಯಬೇಕಾ ಬೇಡವಾ? ಒಬ್ಬರು ಬಳಿಯಲೇಬೇಕು ಅನ್ನುತ್ತಾರೆ.

ತೊಗಟೆ · 9:44

ಬೇಡ ಮೇಡಂ. ಕೊಳೆಯುವುದನ್ನು ಅದು ತಡೆಯುವುದಿಲ್ಲ. ಕೆಲವು ರೋಗಗಳು ಹಬ್ಬುವ ಕಾಲದಲ್ಲಿ ಕೆಲವು ಜಾತಿಯ ಮರಗಳಿಗೆ ಮಾತ್ರ ಬಳಿಯಲು ಹೇಳುತ್ತಾರೆ. ಸರಿಯಾದ ಜಾಗದಲ್ಲಿ ಕತ್ತರಿಸಿದರೆ ಉಳಿದದ್ದನ್ನು ಮರ ನೋಡಿಕೊಳ್ಳುತ್ತದೆ.

ಹಗ್ಗದಗಂಟು · 9:52

ಮೇಡಂ, ಯಾರನ್ನಾದರೂ ಕೆಲಸಕ್ಕೆ ಕರೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಮುಳ್ಳು ಬೂಟು ಹಾಕಿಕೊಂಡು ಹತ್ತುತ್ತೀರಾ?" ಬದುಕಬೇಕಾದ ಮರವನ್ನು ಸವರಲು ಮುಳ್ಳು ಬೂಟಿನಲ್ಲಿ ಹತ್ತಿದರೆ ಪ್ರತಿ ಹೆಜ್ಜೆಗೂ ಒಂದು ಗಾಯ. ಪೂರ್ತಿ ಕಡಿಯುವ ಮರಕ್ಕೆ, ಅಥವಾ ಮೇಲೆ ಸಿಕ್ಕಿದವರನ್ನು ಉಳಿಸುವುದಕ್ಕೆ ಆದರೆ ಸರಿ. "ಹೌದು, ಅದರಲ್ಲೇ ಹತ್ತೋದು" ಅಂದರೆ ಅಲ್ಲಿಂದಲೇ ಕೈಮುಗಿದು ಕಳಿಸಿ.

ನೆರಳುಬೇಕು · 10:15

ಒಳ್ಳೆಯ ಮಾತು ಹೇಳಿದಿರಿ, ಬರೆದಿಟ್ಟುಕೊಂಡೆ. ಇನ್ನೊಂದು ಕೇಳುತ್ತೇನೆ. ನಮ್ಮ ಮರದ ಬುಡದಲ್ಲಿ ಗಟ್ಟಿ ಅಣಬೆ ಬಂದಿದೆ, ತಟ್ಟೆಯ ಹಾಗೆ. ಒಬ್ಬ ಸರ್ಟಿಫೈಡ್ ಅನ್ನುವವರು ಬಂದು ಐದು ನಿಮಿಷ ನೋಡಿ "ಕಡಿಯಲೇಬೇಕು" ಅಂದರು. ಕಡಿಯುವುದೂ ಅವರೇ. ಫೋಟೋ ಹಾಕಿದರೆ ಇಲ್ಲಿ ಯಾರಾದರೂ ಹೇಳುತ್ತೀರಾ?

ಬೇರುಮಣ್ಣು · 10:28

ಫೋಟೋ ನೋಡಿ ಯಾರೂ ಹೇಳಬಾರದು, ದಯವಿಟ್ಟು ಕೇಳಲೂಬೇಡಿ. ಬುಡದ ಅಣಬೆ ಅಂದರೆ ಒಳಗೆ ಕೊಳೆತ ಇದೆ ಅನ್ನುವ ಸುಳಿವು. ಎಷ್ಟು ಕೊಳೆತಿದೆ, ಎಷ್ಟು ಗಟ್ಟಿ ಉಳಿದಿದೆ ಅನ್ನುವುದು ಬೇರೆ ಪ್ರಶ್ನೆ. ಇದಕ್ಕೆ ಅಂತಲೇ ಇರುವ ತರಬೇತಿ ಟ್ರೀ ರಿಸ್ಕ್ ಅಸೆಸ್‌ಮೆಂಟ್ ಕ್ವಾಲಿಫಿಕೇಶನ್. ಚಿಕ್ಕದಾಗಿ ಟ್ರಾಕ್ ಅನ್ನುತ್ತಾರೆ. ಸರ್ಟಿಫೈಡ್ ಆರ್ಬರಿಸ್ಟ್ ಆದವರಿಗೆಲ್ಲ ಅದು ತಾನಾಗಿ ಬರುವುದಿಲ್ಲ. ಬೇರೆ ತರಗತಿ, ಬೇರೆ ಪರೀಕ್ಷೆ, ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು.

ಅದರಲ್ಲಿ ಮೂರು ವಿಷಯ ನೋಡುತ್ತಾರೆ. ಮರ ಅಥವಾ ಕೊಂಬೆ ಬೀಳುವ ಸಾಧ್ಯತೆ ಎಷ್ಟು. ಬಿದ್ದರೆ ಯಾರಿಗಾದರೂ, ಯಾವುದಕ್ಕಾದರೂ ತಾಗುವ ಸಾಧ್ಯತೆ ಎಷ್ಟು. ತಾಗಿದರೆ ಹಾನಿ ಎಷ್ಟು. ಯಾರೂ ಓಡಾಡದ ಜಾಗದ ಟೊಳ್ಳು ಮರ ಮತ್ತು ಮಕ್ಕಳು ಆಡುವ ಜಾಗದ ಟೊಳ್ಳು ಮರ, ಎರಡರ ಅಪಾಯವೂ ಒಂದೇ ಅಲ್ಲ. "ಕಡಿಯಲೇಬೇಕು" ಅಂದವರು ಈ ಮೂರನ್ನೂ ಬರೆದು ಕೊಟ್ಟರಾ ಕೇಳಿ.

ಗರಗಸದಹಲ್ಲು · 10:41

ಅದಕ್ಕಿಂತ ಮುಖ್ಯ: ನೋಡಿ ಹೇಳುವವರೂ ಕಡಿಯುವವರೂ ಒಬ್ಬರೇ ಆಗಬಾರದು. ಅವರು ಕೆಟ್ಟವರು ಅಂತ ಅಲ್ಲ. ಕಡಿದರೆ ಕೂಲಿ, ಬಿಟ್ಟರೆ ಏನೂ ಇಲ್ಲ ಅನ್ನುವಾಗ ಮನಸ್ಸು ಯಾವ ಕಡೆ ವಾಲುತ್ತದೆ ಅಂತ ನಮಗೆಲ್ಲ ಗೊತ್ತು. ನಾನೂ ಕಡಿಯುವವನೇ, ಅದಕ್ಕೇ ಹೇಳುತ್ತಿದ್ದೇನೆ. ಆಸ್ಟ್ರೇಲಿಯಾದಲ್ಲಿ ಮಟ್ಟಗಳೇ ಬೇರೆ ಬೇರೆ. ಹತ್ತಿ ಸವರುವವರಿಗೆ ಅರ್ಹತಾ ಚೌಕಟ್ಟಿನ 3ನೇ ಮಟ್ಟ, ವರದಿ ಬರೆಯುವವರಿಗೆ 5ನೇ ಮಟ್ಟ. ಬ್ರಿಟನ್‌ನಲ್ಲಂತೂ ಗರಗಸದ ಕೆಲಸವೇ ತುಂಡು ತುಂಡಾಗಿದೆ. ಯಂತ್ರ ರಿಪೇರಿ ಮತ್ತು ನೆಲದ ಮೇಲೆ ಕತ್ತರಿಸುವುದು ಒಂದು, ಹತ್ತುವುದು ಮತ್ತು ರಕ್ಷಣೆ ಇನ್ನೊಂದು, ಹಗ್ಗದಲ್ಲಿ ತೂಗಿಕೊಂಡು ಚೈನ್‌ಸಾ ನಡೆಸುವುದು ಮತ್ತೊಂದು. ಪ್ರತಿಯೊಂದಕ್ಕೂ ಪರೀಕ್ಷೆ ಬೇರೆ.

ಮೂರನೇಮಳೆ · 10:50

ಹಾಗಾದರೆ "ಸರ್ಟಿಫೈಡ್" ಅನ್ನುವ ಒಂದು ಪದಕ್ಕೆ ಅರ್ಥವೇ ಇಲ್ಲ. ಯಾವುದಕ್ಕೆ ಸರ್ಟಿಫೈಡ್ ಅಂತ ಕೇಳಬೇಕು.

ಗರಗಸದಹಲ್ಲು · 10:51

ಅದೇ. ಅದೇ ನಾನು ಬೆಳಿಗ್ಗೆಯಿಂದ ಹೇಳುತ್ತಿರುವುದು.

ಎತ್ತರದಕೊಂಬೆ · ಮಧ್ಯಾಹ್ನ 1:20

ಕೆಲಸದಲ್ಲಿದ್ದೆ, ಈಗ ಎಲ್ಲ ಓದಿದೆ. ತುಂಬಾ ಉಪಕಾರವಾಯಿತು. ಇದನ್ನೆಲ್ಲ ಓದಿದ ಮೇಲೆ ಆ 40 ಮರದ ಕಂಪನಿಯ ಬಗ್ಗೆ ಹುಡುಕಿ ನೋಡಿದೆ. ಐಎಸ್‌ಎ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು ಅಂತ ಗೊತ್ತಿರಲಿಲ್ಲ. ಅವರು ತೋರಿಸಿದ ಹೆಸರು ನಿಜ, ಅವಧಿಯೂ ಮುಗಿದಿಲ್ಲ. ಆದರೆ ಆ ಆವರಣದ ಕಾವಲಿನವರನ್ನು ಕೇಳಿದರೆ, ಆ ಮನುಷ್ಯ ಬೆಲೆ ಹೇಳಲು ಒಂದು ದಿನ ಬಂದಿದ್ದರಂತೆ, ಅಷ್ಟೇ. ಕಡಿದ ದಿನ ಬಂದವರು ಬೇರೆ ನಾಲ್ವರು.

ತೊಗಟೆ · 1:34

ಇದು ಎಲ್ಲ ಕಡೆಯೂ ನಡೆಯುತ್ತದೆ, ಮನಸ್ಸಿಗೆ ನೋವಾಗುತ್ತದೆ. ಸರ್ಟಿಫಿಕೇಟ್ ಸಿಗುವುದು ವ್ಯಕ್ತಿಗೆ, ಕಂಪನಿಗೆ ಅಲ್ಲ. ಗಾಡಿಯ ಮೇಲೆ ಲಾಂಛನ ಅಂಟಿಸಿದರೆ ಅದರೊಳಗೆ ಕೂತವರೆಲ್ಲ ಕಲಿತವರಾಗುವುದಿಲ್ಲ. "ಕೆಲಸದ ದಿನ ಜಾಗದಲ್ಲಿ ಯಾರು ಇರುತ್ತಾರೆ? ಅವರ ಹೆಸರು ಬರೆದು ಕೊಡಿ" ಅಂತ ಗ್ರಾಹಕರು ಕೇಳಬೇಕು. ಯಾವ ಮಾನದಂಡದ ಪ್ರಕಾರ ಸವರುತ್ತೀರಿ ಅಂತಲೂ ಕೇಳಬೇಕು. ಅಮೆರಿಕದಲ್ಲಿ ಎ300, ಬ್ರಿಟನ್‌ನಲ್ಲಿ ಬಿಎಸ್ 3998, ಆಸ್ಟ್ರೇಲಿಯಾದಲ್ಲಿ ಎಎಸ್ 4373 ಇವೆ. ಮರದ ತಲೆ ಹಾರಿಸುವುದು ಒಳ್ಳೆಯ ಕೆಲಸ ಅಂತ ಇವುಗಳಲ್ಲಿ ಒಂದೂ ಹೇಳುವುದಿಲ್ಲ.

ಕವೆಕೋಲು · 1:50

ತಲೆ ಹಾರಿಸಿದರೆ ಏನಾಗುತ್ತದೆ? ಮತ್ತೆ ಚಿಗುರುತ್ತದಲ್ಲ?

ಹಗ್ಗದಗಂಟು · 1:58

ಚಿಗುರುತ್ತದೆ, ಅದೇ ಮೋಸ. ಹಸಿವಾದ ಮರ ಗಾಬರಿಯಲ್ಲಿ ಒಂದೇ ಜಾಗದಿಂದ ಹತ್ತಾರು ರೆಂಬೆ ಹೊರಡಿಸುತ್ತದೆ. ಅವು ಕೊಂಬೆಯ ಹೊರಪದರದಿಂದ ಬಂದವು, ಒಳಗೆ ಹಿಡಿತ ಇರುವುದಿಲ್ಲ. ಕೆಳಗೆ ಕತ್ತರಿಸಿದ ಮೊಂಡು ಕೊಳೆಯುತ್ತಾ ಇರುತ್ತದೆ, ಮೇಲೆ ರೆಂಬೆ ದಪ್ಪವಾಗುತ್ತಾ ಹೋಗುತ್ತದೆ. ಕೆಲವು ವರ್ಷಕ್ಕೆ ಗಾಳಿಗೆ ಸೀಳಿ ಬೀಳುತ್ತದೆ. ಸುರಕ್ಷಿತವಾಗಲಿ ಅಂತ ಕಡಿಸಿದ ಮರ ಮೊದಲಿಗಿಂತ ಅಪಾಯ ಆಗುತ್ತದೆ.

ಕವೆಕೋಲು · 2:06

ಹೀಗೆ ಯಾರೂ ಹೇಳಿರಲಿಲ್ಲ. ಧನ್ಯವಾದ.

ಎತ್ತರದಕೊಂಬೆ · 2:15

ಒಂದು ಭಯ ಹೇಳಿಕೊಳ್ಳುತ್ತೇನೆ. ನನಗೆ ಇಂಗ್ಲಿಷ್ ಓದಲು ಕಷ್ಟ. ಕೆಲಸ ಗೊತ್ತು, ಅದರ ಹೆಸರು ಗೊತ್ತಿಲ್ಲ. ಮಾದರಿ ಪ್ರಶ್ನೆ ನೋಡಿದೆ. ಉತ್ತರ ಕೈಗೆ ಗೊತ್ತಿದೆ, ಪ್ರಶ್ನೆಯೇ ಅರ್ಥವಾಗಲಿಲ್ಲ.

ಬೇರುಮಣ್ಣು · 2:33

ಅಣ್ಣ, ಇದಕ್ಕೆ ನಾನು ಮಾಡಿದ ದಾರಿ ಹೇಳುತ್ತೇನೆ. ಪ್ರತಿ ಪದಕ್ಕೂ ನಮ್ಮ ಮಾತಿನಲ್ಲಿ ಒಂದು ಹೆಸರು ಕಟ್ಟಿಕೊಂಡೆ. ಬ್ರಾಂಚ್ ಕಾಲರ್ ಅಂದರೆ ಕೊಂಬೆಯ ಕೊರಳು, ತೊಗಟೆ ಅವರು ಬೆಳಿಗ್ಗೆ ಹೇಳಿದ ಆ ಉಬ್ಬು. ಬಾರ್ಕ್ ರಿಡ್ಜ್ ಅಂದರೆ ತೊಗಟೆಯ ಏಣು. ಒಂದೇ ದಪ್ಪದ ಎರಡು ಬೊಡ್ಡೆ ಪೈಪೋಟಿಗೆ ಬಿದ್ದು ಬೆಳೆದರೆ ಕೋಡಾಮಿನೆಂಟ್, ನಾನು ಜೋಡಿಕವೆ ಅಂತ ಬರೆದುಕೊಂಡೆ. ಆ ಕವೆಯ ಸಂದಿಯಲ್ಲಿ ತೊಗಟೆ ಒಳಕ್ಕೆ ಸಿಕ್ಕಿಕೊಂಡರೆ ಇನ್‌ಕ್ಲೂಡೆಡ್ ಬಾರ್ಕ್, ಸಿಕ್ಕಿದ ತೊಗಟೆ. ಅಂಥ ಕವೆ ಸೀಳುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮರ ಹತ್ತುವಾಗ ಕಂಡದ್ದನ್ನು ಬಾಯಿಬಿಟ್ಟು ಆ ಹೆಸರಿನಿಂದ ಕರೆಯಿರಿ. ನಿಮ್ಮ ಹುಡುಗರಿಗೂ ಹೇಳಿ. ನನಗೆ ಆರು ತಿಂಗಳು ಹಿಡಿಯಿತು, ಆದರೆ ಆಮೇಲೆ ಪುಸ್ತಕ ಹೆದರಿಸಲಿಲ್ಲ.

ತೊಗಟೆ · 2:40

ಜೋಡಿಕವೆ! ಎಷ್ಟು ಚೆನ್ನಾಗಿದೆ. ನಾನೂ ಇದನ್ನೇ ಬಳಸುತ್ತೇನೆ ಇನ್ನು.

ಮೂರನೇಮಳೆ · 2:52

ಸ್ವಂತ ಕೆಲಸ ಮಾಡುವವರು ಅನುಭವವನ್ನು ಹೇಗೆ ತೋರಿಸುವುದು? ನನ್ನ ಹಳೆಯ ಯಜಮಾನರು ಪತ್ರ ಕೊಡುವುದಿಲ್ಲ.

ಬೇರುಮಣ್ಣು · 3:01

ಗ್ರಾಹಕರಿಗೆ ಕೊಟ್ಟ ಬಿಲ್ಲು, ಒಪ್ಪಂದದ ಪತ್ರ, ವ್ಯಾಪಾರದ ಪರವಾನಗಿ ಇಂಥದ್ದು ನಡೆಯುತ್ತದೆ. ಇವತ್ತಿನಿಂದಲೇ ಎಲ್ಲ ಬಿಲ್ಲೂ ಕೂಡಿಡಿ. ನೀವೂ ಬರೆಯುವ ಯೋಚನೆಯಲ್ಲಿದ್ದೀರಾ?

ಮೂರನೇಮಳೆ · 3:04

ಕೇಳಿ ಇಟ್ಟುಕೊಂಡೆ ಅಷ್ಟೇ. ನೋಡೋಣ.

ಹಳೇಹಗ್ಗ · 4:25

ನಾನು ಇಲ್ಲಿ ಓದುತ್ತೇನೆ, ಬರೆಯುವುದು ಕಡಿಮೆ. ಇವತ್ತು ಬರೆಯಲೇಬೇಕು ಅನಿಸಿತು.

ಎಂಟು ವರ್ಷದ ಹಿಂದಿನ ಮಾತು. ನಾನು ಮೇಲಿದ್ದೆ, ನೆಲದಿಂದ ಸುಮಾರು 12 ಮೀಟರ್. ಬಿಡಿಸಿದ ಕೊಂಬೆ ತಿರುಗಿ ಬಂದು ಭುಜಕ್ಕೆ ಹೊಡೆಯಿತು. ಕೈ ಎತ್ತಲು ಆಗಲಿಲ್ಲ. ಕೆಳಗೆ ಮೂವರಿದ್ದರು. ಮೂವರೂ ಗಟ್ಟಿ ಆಳುಗಳು, ನನ್ನ ಮೇಲೆ ಜೀವ ಇಟ್ಟವರು. ಒಬ್ಬರಿಗೂ ಹಗ್ಗದಲ್ಲಿ ಹತ್ತಲು ಬರುತ್ತಿರಲಿಲ್ಲ. ಎರಡನೇ ಹಾರ್ನೆಸ್ಸೂ ಇರಲಿಲ್ಲ. ಹಾರ್ನೆಸ್ಸಿನಲ್ಲಿ ಅಲುಗಾಡದೆ ನೇತಾಡಿದರೆ ಕಾಲಿನ ರಕ್ತ ಮೇಲಕ್ಕೆ ಬರುವುದಿಲ್ಲ, ತಲೆ ತಿರುಗುತ್ತದೆ, ಪ್ರಾಣಕ್ಕೇ ಬರಬಹುದು. ಅದು ನನಗೆ ಆಗ ಗೊತ್ತೇ ಇರಲಿಲ್ಲ. ಪುಣ್ಯಕ್ಕೆ ಒಂದು ಕಾಲು ಕವೆಯಲ್ಲಿ ಊರಿಕೊಳ್ಳಲು ಸಿಕ್ಕಿತು. ಏಣಿ ಗಾಡಿ ಬರುವವರೆಗೆ 40 ನಿಮಿಷ. ಕೆಳಗಿನವರಲ್ಲಿ ಒಬ್ಬ ಪೂರ್ತಿ ಹೊತ್ತು ನನ್ನ ಹೆಸರು ಹಿಡಿದು ಕೂಗುತ್ತಲೇ ಇದ್ದ.

ಆಗ ನನಗೆ ಕೆಲಸ ಕೊಟ್ಟಿದ್ದವರು ಹೇಳಿದ್ದು: "ಇಷ್ಟು ವರ್ಷ ಏನೂ ಆಗಿರಲಿಲ್ಲವಲ್ಲ." ಆ ಮಾತು ಭುಜಕ್ಕಿಂತ ಜಾಸ್ತಿ ನೋಯುತ್ತದೆ.

ಎತ್ತರದಕೊಂಬೆ ತಮ್ಮಾ, ನೀನು ಕೇಳಿದ್ದು ಮೊದಲು ಯಾವುದು ಅಂತ. ಗ್ರಾಹಕರಿಗೆ ತೋರಿಸುವ ಕಾಗದ ಎರಡನೆಯದು ಇರಲಿ. ಮೊದಲು ಹತ್ತುವುದು ಮತ್ತು ಇಳಿಸುವುದರ ತರಬೇತಿ ಮಾಡು. ನೀನೊಬ್ಬನೇ ಮಾಡಿದರೆ ಪ್ರಯೋಜನವಿಲ್ಲ. ಸಿಕ್ಕಿಕೊಳ್ಳುವವನು ನೀನು. ಇಳಿಸುವುದು ಗೊತ್ತಿರಬೇಕಾದದ್ದು ಆ ಇಬ್ಬರು ಹುಡುಗರಿಗೆ.

ಹಗ್ಗದಗಂಟು · 4:33

ಹಳೇಹಗ್ಗ ಅಣ್ಣ, ಇದನ್ನು ಬರೆದದ್ದಕ್ಕೆ ತುಂಬಾ ಧನ್ಯವಾದ. ಭುಜ ಈಗ ಹೇಗಿದೆ?

ಹಳೇಹಗ್ಗ · 4:36

ಕಿವಿಯವರೆಗೆ ಏಳುತ್ತದೆ. ಅದರ ಮೇಲೆ ಇಲ್ಲ. ಈಗ ನಾನು ನೆಲದ ಕೆಲಸ ಮಾಡುತ್ತೇನೆ, ಕಲಿಸುತ್ತೇನೆ.

ಗರಗಸದಹಲ್ಲು · 4:50

ಸಲಕರಣೆಯ ಮಾತೂ ಸೇರಿಸುತ್ತೇನೆ. ಬ್ರಿಟನ್‌ನಲ್ಲಿ ಮನುಷ್ಯರನ್ನು ಹೊರುವ ಹಗ್ಗ, ಹಾರ್ನೆಸ್, ಕೊಂಡಿಗಳನ್ನು ಆರು ತಿಂಗಳಿಗೊಮ್ಮೆ ತಿಳಿದವರು ಪರೀಕ್ಷಿಸಲೇಬೇಕು. 1998ರ ನಿಯಮ ಅದು. ನಿಮ್ಮಲ್ಲಿ ಅಂಥ ಕಾನೂನು ಇರಲಿ ಬಿಡಲಿ, ದಿನಾಂಕ ಬರೆದ ಪುಸ್ತಕ ಇಡಿ. ಹಗ್ಗ ಕೊಂಡ ದಿನ, ನೋಡಿದ ದಿನ, ತೆಗೆದು ಹಾಕಿದ ದಿನ.

ತೊಗಟೆ · 5:10

ಹಳೇಹಗ್ಗ ಅವರ ಮಾತು ಓದಿದ ಮೇಲೆ ನೆನಪಾಯಿತು. ಐಎಸ್‌ಎ ಹುಟ್ಟಿದ್ದೇ ಇಂಥ ಚರ್ಚೆಯಿಂದ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಮರದ ಕೆಲಸದವರಿಗೆ ಪರೀಕ್ಷೆ ಇರಬೇಕು ಅಂತ ಕಾನೂನು ಬಂತು. ಆ ಪರೀಕ್ಷೆ ನಡೆಸುವ ಮಂಡಳಿಯವರು 1924ರಲ್ಲಿ ಎಲ್ಲರನ್ನೂ ಕರೆದು ಕೂರಿಸಿದರು. ನೆರಳಿನ ಮರಗಳ ಸಮ್ಮೇಳನ. ಅದೇ ಬೆಳೆದು ಇವತ್ತಿನ ಸಂಸ್ಥೆಯಾಯಿತು. ಅಂದರೆ ಮೊದಲು ಪರೀಕ್ಷೆ, ಆಮೇಲೆ ಸಂಘ. "ಯಾರ ಕೈಗೆ ಮರ ಕೊಡುವುದು?" ಅನ್ನುವುದು ನೂರು ವರ್ಷದ ಹಳೆಯ ಪ್ರಶ್ನೆ.

ನೆರಳುಬೇಕು · 6:02

ಅಣಬೆ ಮರಕ್ಕೆ ಬೇರೆ ಒಬ್ಬರನ್ನು ಹುಡುಕಿದೆ. ಟ್ರಾಕ್ ಇದೆ, ಕಡಿಯುವ ಕೆಲಸ ಮಾಡುವುದಿಲ್ಲವಂತೆ, ಬರೆದು ಮಾತ್ರ ಕೊಡುತ್ತಾರೆ. ಬರುವ ವಾರ ಬರುತ್ತಾರೆ. ಏನು ಹೇಳಿದರು ಅಂತ ಇಲ್ಲೇ ತಿಳಿಸುತ್ತೇನೆ.

ಎತ್ತರದಕೊಂಬೆ · ರಾತ್ರಿ 8:45

ಹಳೇಹಗ್ಗ ಅಣ್ಣ, ನಿಮ್ಮ ಬರಹವನ್ನು ಸಂಜೆ ಹುಡುಗರಿಬ್ಬರಿಗೂ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಚಿಕ್ಕವನು ಕೇಳಿದ, "ಅಣ್ಣ, ನೀವು ಸಿಕ್ಕಿಕೊಂಡರೆ ನಾನು ಏನು ಮಾಡಬೇಕು?" 11 ವರ್ಷದಲ್ಲಿ ನಾನು ಅವನಿಗೆ ಅದನ್ನು ಹೇಳಿಕೊಟ್ಟಿಲ್ಲ.

ಹತ್ತುವ ಮತ್ತು ಇಳಿಸುವ ತರಬೇತಿಗೆ ಮೂವರ ಹೆಸರೂ ಕೊಡುತ್ತೇನೆ. ಬರೆಯುವ ಪರೀಕ್ಷೆ ಮುಂದಿನ ವರ್ಷ. ಎರಡನೇ ಹಾರ್ನೆಸ್ ನಾಳೆಯೇ ತರುತ್ತೇನೆ. ತರಬೇತಿ ಶುರುವಾಗುವವರೆಗೆ ನಾವೇ ಏನಾದರೂ ಅಭ್ಯಾಸ ಮಾಡಬಹುದಾ?

ಹಳೇಹಗ್ಗ · 9:02

ಮಾಡಬಹುದು. ಮನುಷ್ಯನ ಬದಲು ಮರಳಿನ ಚೀಲ ಕಟ್ಟಿ. ಎರಡು ಮೀಟರ್ ಎತ್ತರದ ಕೊಂಬೆ ಸಾಕು, ಅದಕ್ಕಿಂತ ಮೇಲೆ ಈಗ ಬೇಡ. ಚಿಕ್ಕವನಿಂದ ಶುರು ಮಾಡಿಸು.